ದೇವರ ಹೆಸರಿನಲ್ಲಿ ಕಿತ್ತುಕೊಂಡ ರಜೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕರಿಗೆ ನಮಸ್ಕಾರ.

ನನ್ನ ಜೊತೆ ಇಸ್ತ್ರಿ ಮಾಡುವ ಹುಡುಗಿ ನಾಳಿನ ಹಬ್ಬಕ್ಕೆ ರಜೆ ಕೇಳಿದಾಗ, "ದೇವರನ್ನೇ ನಂಬದವಳಿಗೆ ಹಬ್ಬ ಯಾಕಮ್ಮಾ?" ಎಂದು ಎಲ್ಲರೆದುರು ನಕ್ಕಿರಿ. ಪ್ರತಿ ಹಬ್ಬಕ್ಕೂ ಅವಳಿಗೇ ಪಾಳಿ. ಅವಳು ದೇವರಿಗೆ ಕೈ ಮುಗಿಯುವುದಿಲ್ಲ, ನಿಜ. ಅದಕ್ಕೆ ನಾನೂ ಅವಳ ಜೊತೆ ದಿನಾ ಜಗಳ ಆಡುತ್ತೇನೆ. ಆದರೆ ಹಡಗಿನಲ್ಲಿ ದುಡಿಯುವ ಅವಳ ಅಣ್ಣ ಮನೆಗೆ ಬರುವುದು ಈ ಹಬ್ಬಕ್ಕೆ ಮಾತ್ರ. ತಾಯಿ ಇಬ್ಬರು ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಉಣ್ಣಬೇಕಾದದ್ದು ನಾಳೆಯೇ. ಭಕ್ತಿ ತೂಗುವ ತಕ್ಕಡಿಯನ್ನು ದೇವರು ನಿಮ್ಮ ಕೈಗೆ ಯಾವಾಗ ಕೊಟ್ಟ? ನನ್ನ ದೇವರ ಹೆಸರು ಹೇಳಿ ಅವಳ ಹೊಟ್ಟೆ ಉರಿಸಬೇಡಿ.

ನನ್ನ ರಜೆ ಅವಳಿಗೆ ಕೊಡಿ, ನಾಳೆ ನಾನು ಬರುತ್ತೇನೆ. ದೇವರಿಗೆ ನಾನು ಹೇಳಿಕೊಳ್ಳುತ್ತೇನೆ. ಇದಕ್ಕೂ ಒಪ್ಪದಿದ್ದರೆ, ಆ ತಾಯಿಗೆ ನೀವೇ ಹೋಗಿ ಹೇಳಿ.

ಇಂತಿ,
ಇಸ್ತ್ರಿ ಮೇಜಿನ ಅಕ್ಕ