ನಯನಾಳ ಹರಕೆಯ ಮೇಣದಬತ್ತಿ

ಮೇ ೧೧, ಭಾನುವಾರ

ವಾರಗಿತ್ತಿ ನಯನಾಳ ಮಗಳು ಮಧುಶ್ರೀಯ ನಿಶ್ಚಿತಾರ್ಥ ಮುಗಿಯಿತು. ಆನೇಮಹಲ್‌ನ ಛತ್ರದಲ್ಲಿ ದೀಪ ಹಚ್ಚುವ ಹೊತ್ತಿಗೆ ನಯನಾ ನನ್ನ ಕಿವಿಯ ಹತ್ತಿರ ಬಂದು, "ಅಕ್ಕ, ನೀವು ಒಳಗೆ ಕೂತ್ಕಳಿ. ಗಂಡಿನ ಕಡೆಯೋರು ನೋಡ್ತಾರೆ" ಎಂದಳು. ಗಂಡ ಸತ್ತವಳು ದೀಪದ ಹತ್ತಿರ ನಿಲ್ಲಬಾರದಲ್ಲ! ಅಡುಗೆಯವರ ನಡುವೆ ಈರುಳ್ಳಿ ಸಿಪ್ಪೆ ನೋಡುತ್ತಾ ಕೂತೆ.

ಜನವರಿಯಲ್ಲಿ ಶ್ರೀಲಂಕಾಕ್ಕೆ ಹೋದಾಗ, ಕಡಲ ದಡದ ಆ ಹಳೇ ಚರ್ಚಿನಲ್ಲಿ ಅವಳಿಗೆ ನನ್ನ ಇದೇ ಕೈ ಬೇಕಾಗಿತ್ತು. ಮಗಳಿಗೆ ಗಂಡು ಸಿಗಲೆಂದು ಹರಕೆ ಹೊತ್ತವಳು ಅವಳು. ಅವತ್ತೇ ಮುಟ್ಟಾಗಿ ಬಾಗಿಲ ಹೊರಗೆ ನಿಂತಳು. "ನೀವೇ ಹಚ್ಬುಡಿ ಅಕ್ಕ. ಈ ದೇವ್ರಿಗೆ ನಿಮ್ದೆಲ್ಲ ನಡೀತೈತೆ ಕಣಕ್ಕ." ನನ್ನ ವೈಧವ್ಯ ನಡೆಯುತ್ತದೆ, ಅವಳ ಮುಟ್ಟು ಮಾತ್ರ ನಡೆಯುವುದಿಲ್ಲ. ಉಪ್ಪುಗಾಳಿಗೆ ಗಾರೆ ಉದುರಿದ ಗೋಡೆ, ತೆರೆದ ಕಿಟಕಿ. ಮಾತೆಯ ಮುಂದೆ ಮೇಣದಬತ್ತಿ ಎರಡು ಸಲ ಆರಿತು. ಸೆರಗು ಮರೆ ಹಿಡಿದು ಮತ್ತೆ ಹಚ್ಚಿದೆ.

ಇವತ್ತು ಸಂಜೆ ವನಗೂರಿನ ಮನೆಗೆ ಹೊರಡಲು ಜೀಪು ಹತ್ತುವಾಗ ಅವಳೇ ಓಡಿಬಂದಳು. "ಹರಕೆ ಫಲಿಸ್ತು ಅಕ್ಕ. ತೀರ್ಸಕ್ಕೆ ಹೋಗುವಾಗ ನೀವೇ ಬರ್ಬೇಕು." ಹೂಂ ಎಂದೆ.

ಆ ಚರ್ಚಿನಲ್ಲಿ ಮಂಡಿಯೂರಿ ನಾನು ಏನು ಬೇಡಿಕೊಂಡೆ ಎಂದು ಅವಳು ಇದುವರೆಗೂ ಕೇಳಿಲ್ಲ. ಮಧುಶ್ರೀಯ ಹೆಸರು ನನ್ನ ಬಾಯಿಗೆ ಬಂದಿರಲೇ ಇಲ್ಲ.