ಎಕ್ಸ್-ರೇಯಲ್ಲಿ ಕಾಣದ ಮದ್ದು

ಮದಲೂರು
೧೫ ಜೂನ್ ೨೦೨೫, ಭಾನುವಾರ

ಪ್ರೀತಿಯ ತೇಜಸ್ವಿನಿ,

ಹೇಗಿದ್ದೀಯೆ? ಕಾಗದ ಬರೆಯಲು ತಿಂಗಳುಗಟ್ಟಲೆ ತಡಮಾಡಿದೆ, ಬೈಯಬೇಡ. ಹಾಸ್ಟೆಲಿನ ದಿನಗಳಿಂದಲೂ ತಲೆ ಕೆಟ್ಟಾಗಲೇ ನಾನು ನಿನಗೆ ಬರೆಯುವುದು.

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಮಾವ ಕುತುಬುದ್ದೀನ್, ಇವತ್ತು ಮಧ್ಯಾಹ್ನ, ತಮ್ಮ ಕಲಾಯಿ ಒಲೆಯ ಮುಂದೆ. ಪಾತ್ರೆ ತಂದಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ನನ್ನ ಮಗಳು ಆರ್ಜೂಗೆ ಅಲ್ಲಾಡುವ ಹಾಲುಹಲ್ಲು ನೋಯುತ್ತಿತ್ತು. ಮಾವ ನಿನ್ನೆ ಶಿರಾಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಎಕ್ಸ್-ರೇ ತೆಗೆದು, ನೋಯುವ ಹಲ್ಲು ಬಿಟ್ಟು ಹಿಂದಿನ ದವಡೆ ಹಲ್ಲು ತೋರಿಸಿದರಂತೆ. ಮೇಲ್ಗಡೆ ಕಪ್ಪು. ಹುಳುಕಿರಬೇಕು, ಕೊರೆದು ತುಂಬಬೇಕು ಎಂದರಂತೆ. ಹೋದ ವರ್ಷ ನಮ್ಮ ಶಾಲೆಯ ಕ್ಯಾಂಪಿನಲ್ಲಿ, ಹುಳುಕು ಬಾರದಿರಲಿ ಎಂದು ನೀನೇ ಮೇಲಿನ ಸಂದುಗಳಿಗೆ ಮದ್ದು ಮೆತ್ತಿ ಮುಚ್ಚಿದ ಹಲ್ಲು ಅದು.

"ಕಲಾಯಿ ಮೇಲೆ ಕಪ್ಪು ಕಂಡ್ರೆ ಮುಗೀತು ಬೇಟಿ," ಎಂದರು ಮಾವ. "ಕೆರ್ದಾಕಿ ಮತ್ತೆ ಹಚ್ಬೇಕು. ಹಲ್ಲೇನು ದೊಡ್ಡ ನವಾಬನಾ?"

ಪಕ್ಕದ ಮನೆಯ ಸರೋಜಮ್ಮ ಚೊಂಬು ಕೆಳಗಿಟ್ಟರು. "ಅಂಗಾರೆ ನಮ್ ರಕ್ಷಾ ಹಲ್ಗೂ ಅದ್ನೇ ಮೆತ್ತವ್ಳಲ್ಲ ಕಣಮ್ಮ. ನಿನ್ ಫ್ರೆಂಡು ಡಾಕ್ಟ್ರೋ, ಗಾರೆ ಕೆಲ್ಸದೋಳೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೆಂದು ಗೊತ್ತಿಲ್ಲ.

ನೀನೇ ಹೇಳಿದ್ದೆಯಲ್ಲ, ಈ ಮದ್ದಿನೊಳಗೆ ಕಿರಣ ಹಾದುಹೋಗುತ್ತದೆ, ಎಕ್ಸ್-ರೇಯಲ್ಲಿ ಆ ಜಾಗ ಕಪ್ಪಾಗಿಬಿಡುತ್ತದೆ ಎಂದು. ಅದಕ್ಕೇ ನಿಮ್ಮ ಕಾಲೇಜಿನಲ್ಲಿ ಭಾರದ ಗಾಜಿನ ಪುಡಿ ಬೆರೆಸಿ, ಬೆಳ್ಳಗೆ ಕಾಣುವ ಮದ್ದು ಮಾಡುತ್ತಿದ್ದೀರಿ ಎಂದು. ಹಾಗಾದರೆ ಆರ್ಜೂ ಹಲ್ಲಿನ ಕಪ್ಪು ನಿನ್ನ ಮದ್ದೋ, ಹುಳುಕೋ? ಎರಡೂ ಕಪ್ಪೇ ಆದರೆ ಯಾವುದೆಂದು ತಿಳಿಯಲಿ? ಮದ್ದು ಹಾಕಿಸಿದ್ದೇವೆ ಎಂದು ಮಾವ ಹೇಳಿದ್ದಕ್ಕೆ ಡಾಕ್ಟರು, "ಇದ್ದಿದ್ರೆ ಕಾಣ್ಬೇಕಿತ್ತಲ್ಲ ಸಾಹೇಬ್ರೆ" ಎಂದರಂತೆ. ಅದೂ ಸರಿ ಅನ್ನಿಸುತ್ತದೆ. ನೀನು ಹೇಳಿದ್ದೂ ಸರಿ ಅನ್ನಿಸುತ್ತದೆ. ಸುಮ್ಮನಿದ್ದರೆ ಒಳಗೇ ಕೊಳೆತೀತು. ಕೊರೆಸಿದರೆ ಗಟ್ಟಿ ಹಲ್ಲೇ ಹೋದೀತು. ಮತ್ತೆ ಹುಟ್ಟುವ ಹಲ್ಲಲ್ಲ ಅದು. ನನ್ನ ಯಜಮಾನರು ಉಮರ್, "ಅವ್ಳನ್ನೇ ಕೇಳು" ಎಂದರು.

ನಿನ್ನ ಉತ್ತರ ಬರುವವರೆಗೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅಲ್ಲಾಹ್ ನಿನ್ನ ಕೈಗೆ ಬರಕತ್ ಕೊಡಲಿ.

ನಿನ್ನ
ಸಾಬೀರಾ

ತಾ. ಕ. (ಸೋಮವಾರ): ಕಾಯಲಿಲ್ಲ ಕಣೇ. ನಿನ್ನೆ ಒಲೆಯ ಮುಂದೆ ಕೂತಿದ್ದವರೆಲ್ಲ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಶಿರಾ ಬಸ್ಸಿಗೆ ನಿಂತಿದ್ದರು. ಒಬ್ಬಳೇ ಉಳಿಯಲು ಧೈರ್ಯ ಸಾಲದೆ ನಾನೂ ಹತ್ತಿದೆ. ಮೊದಲ ಸರದಿ ಆರ್ಜೂದು. ಡಾಕ್ಟರು ಸ್ವಲ್ಪ ಕೊರೆದು, ನಿಲ್ಲಿಸಿ, ಬಾಗಿ ನೋಡಿದರು. "ಹುಳುಕಿಲ್ಲಮ್ಮ. ಗಟ್ಟಿ ಹಲ್ಲೇ." ಸರೋಜಮ್ಮ ರಕ್ಷಾಳ ಕೈ ಹಿಡಿದು ಎದ್ದರು, ಹಿಂದೆಯೇ ಉಳಿದವರೂ. ಅವರ ಮಕ್ಕಳ ಹಲ್ಲು ಉಳಿಯಿತು.

ಕೊರೆಯುವ ಮುಂಚೆ ಡಾಕ್ಟರು, "ಮದ್ದು ಹಾಕ್ದೋರ್ಗೆ ಒಂದ್ಮಾತು ಫೋನ್ ಮಾಡಿ ಕೇಳ್ತೀರಾ?" ಎಂದಿದ್ದರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಅವಳು ನನಗೆ ಅಷ್ಟು ಪರಿಚಯವಿಲ್ಲ ಎಂದುಬಿಟ್ಟೆ.