ಉಸಿರು ಮುರಿದರೆ ಮತ್ತೆ ಮೊದಲಿಂದ

ಅತ್ತೆ,

ನಿಮ್ಮ ಸೊಸೆ ಬರೆಯುತ್ತಿದ್ದೇನೆ. ನಿಮಗೆ ಓದಲು ಬರುತ್ತಿರಲಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬರದೇ ಹೋದದ್ದರಲ್ಲಿ ನನ್ನ ತಪ್ಪೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೈಸೂರಿನಿಂದ ಕಟ್ಟೆಮಳಲವಾಡಿಗೆ ಬಂದ ಹೊಸದರಲ್ಲಿ ನಾನು ಮುದ್ದೆ ತೊಳಸಲು ಹೋಗಿ ಕೈ ಸುಟ್ಟುಕೊಂಡದ್ದು ನೆನಪಿದೆಯೇ? ನೀವು ಕೋಲು ಕಿತ್ತುಕೊಂಡು ನಕ್ಕಿರಿ. “ಇಂಗ್ಲೀಸ್ ಓದಿರೋಳ್ಗೆ ಇಟ್ಟು ತೊಳ್ಸು ಅಂದ್ರೆ ಎಂಗಾದದು? ಓಗು, ಜಗ್ಲಿ ಮ್ಯಾಲೆ ಕೂತ್ಕೊ. ನಾಕ್ ಎಣ್ಮಕ್ಳಿಗೆ ಅಕ್ಸರ ಏಳ್ಕೊಡು.” ನಾಲ್ಕಲ್ಲ, ಹನ್ನೊಂದು ಹುಡುಗಿಯರು ಬಂದರು. ನಿಮ್ಮ ಮಾತಿನ ಮೇಲೆ ಬಂದರು, ನನ್ನ ಪಾಠಕ್ಕಲ್ಲ. ನೀವು ತೀರಿಹೋದ ಎರಡೇ ವರ್ಷದಲ್ಲಿ ಅವರು ಮೂವರಾದರು. ಹೊಗೆಸೊಪ್ಪು ಪೋಣಿಸುವ ಕೆಲಸ ಮಕ್ಕಳನ್ನು ಎಳೆದುಕೊಂಡಿತು ಎಂದುಕೊಂಡೆ. ಸುಗ್ಗಿ ಕಳೆದ ಮೇಲೆ ಪಾಠ ನಿಲ್ಲಿಸುತ್ತೇನೆಂದು ನಿಮ್ಮ ಮಗನಿಗೆ ಹೇಳಿದೆ. “ನಿನ್ನಿಷ್ಟ” ಎಂದರು. ನಿಲ್ಲಿಸಬೇಡ ಎನ್ನಲಿ ಎಂದು ಕಾಯುತ್ತಿದ್ದೆನೋ ಏನೋ…

ಹೋದ ತಿಂಗಳು ಒಂದು ಸಂಜೆ ಕಣದ ಪಕ್ಕ ಹಾದುಹೋಗುತ್ತಿದ್ದೆ. ಹುಡುಗಿಯರು ಚಿನ್ನಿದಾಂಡು ಆಡುತ್ತಿದ್ದರು. ಮಾಡದಕೇರಿಯ ಸಣ್ಣಮ್ಮ ಸೋತಿದ್ದಳು. ನಿಮಗೆ ಅವಳ ನೆನಪಿರಲಿಕ್ಕಿಲ್ಲ, ಈಗ ಎಂಟು ವರ್ಷದವಳು. ಮೂರು ತಿಂಗಳು ಪಾಠಕ್ಕೆ ಬಂದು ಬಿಟ್ಟವಳು. ಸೋತವಳು ಚಿನ್ನಿ ಬಿದ್ದಲ್ಲಿಂದ ಕುಳಿಯವರೆಗೆ ಒಂದೇ ಉಸಿರಿನಲ್ಲಿ ‘ಗೂ’ ಎನ್ನುತ್ತ ಓಡಿಬರಬೇಕು. ನಡುವೆ ಉಸಿರು ಮುರಿದರೆ ಮತ್ತೆ ಮೊದಲಿಂದ. ಗೆದ್ದ ನಿಂಗಿ ಚಿನ್ನಿಯನ್ನು ನಾಲೆ ಏರಿಯವರೆಗೆ ಹೊಡೆದಿದ್ದಳು.

“ಮುರೀತು ಕಣಮ್ಮಿ! ವಾಪಸ್ ಓಗು!” ಎಂದು ನಿಂಗಿ ಕುಣಿಯುತ್ತಿದ್ದಳು. ಸಣ್ಣಮ್ಮ ಮೂರು ಸಲ ಓಡಿದಳು, ಮೂರು ಸಲವೂ ಹುಲ್ಲಿನ ಮೆದೆಯ ಹತ್ತಿರ ಮುರಿಯಿತು. ಮೊಣಕಾಲು ತರಚಿತ್ತು. ನಾನು ಹೋಗಿ ಅವಳ ಭುಜ ಹಿಡಿದು, “ಸಾಕು ಬಿಡೇ, ಇಷ್ಟು ದೂರ ಬಂದೆಯಲ್ಲ. ನಿಂಗಿ, ಅವಳನ್ನು ಬಿಟ್ಟುಬಿಡು” ಎಂದೆ.

ಸಣ್ಣಮ್ಮ ನನ್ನ ಕೈ ಕೊಡವಿದಳು. “ನೀವ್ ನಡೂಕ್ ಬರ್ಬೇಡಿ ಮೇಷ್ಟ್ರಮ್ಮ! ನೀವ್ ಬುಡ್ಸುದ್ರೆ ನಾನ್ ಬಂದಂಗಾ? ನಾಳಿಕೆ ಇವ್ಳು ನನ್ನ ಆಟಕ್ಕೇ ಸೇರ್ಸ್ಕಳಲ್ಲ.”

“ಊಂ ಮತ್ತೆ, ಸೇರ್ಸ್ಕಳಕಿಲ್ಲ” ಎಂದಳು ನಿಂಗಿ.

ಸಣ್ಣಮ್ಮ ಏರಿಗೆ ಹಿಂತಿರುಗಿ ನಡೆದಳು. ಈ ಸಲ ಕಿರುಚಲಿಲ್ಲ, ದನಿ ತಗ್ಗಿಸಿ ಓಡಿದಳು. ಮೆದೆ ದಾಟಿ ಮುರಿಯಿತು. ಯಾರೂ ಹೇಳದೆಯೇ ತಿರುಗಿ ಹೋದಳು. ಐದನೆಯ ಸಲ ಕುಳಿಯೊಳಗೆ ಕಾಲಿಟ್ಟವಳು ಕೂತು ಸುಧಾರಿಸಿಕೊಳ್ಳಲೂ ಇಲ್ಲ. ದಾಂಡು ಎತ್ತಿಕೊಂಡು, “ಬಾ ಈಗ, ನಿನ್ನ ಅಳ್ಳ ದಾಟ್ಸಿ ಓಡುಸ್ತೀನಿ” ಎಂದಳು.

ಆಟ ಮುಗಿದ ಮೇಲೆ ಕೇಳಿದೆ, ಹೊಗೆಸೊಪ್ಪಿನ ಕೆಲಸಕ್ಕೆ ಪಾಠ ಬಿಟ್ಟೆಯಾ ಎಂದು. “ಸೊಪ್ಪೇನ್ ದಿನಾ ಅದಾ? ನಿಮ್ ಇಸ್ಕೂಲಲ್ಲಿ ನಾವ್ ಏನ್ ಮಾಡವಾ? ಒಂದ್ಸಲ ತಪ್ಪುದ್ರೆ ಬಳಪ ಕಿತ್ಕೊಂಡು ನೀವೇ ಬರ್ದುಬುಡ್ತೀರಿ” ಎಂದಳು. ಅವಳ ಮುಖದಲ್ಲಿ ದೂರೇನೂ ಇರಲಿಲ್ಲ. ಇದ್ದದ್ದನ್ನು ಹೇಳಿದ್ದಳು.

ನೀವು ನಿಮ್ಮ ಹೆಸರು ಬರೆಯಲು ಕೂತ ಸಂಜೆಗಳು ಆಗ ನೆನಪಾದವು, ಅತ್ತೆ. ನಂಜಮ್ಮ. ‘ಜ’ದ ಸುರುಳಿ ನಿಮ್ಮ ಕೈಯಲ್ಲಿ ಪ್ರತಿ ಸಲ ಹಿಂದುಮುಂದಾಗುತ್ತಿತ್ತು. ನಾಲ್ಕನೆಯ ಸಂಜೆ ನಾನೇ, “ಸಾಕು ಬಿಡಿ ಅತ್ತೆ, ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ” ಎಂದೆ. ನೀವು ಸ್ಲೇಟನ್ನು ಸೆರಗಿನಿಂದ ಒರೆಸಿ ಎದ್ದುಹೋದಿರಿ. ಮತ್ತೆಂದೂ ಕೇಳಲಿಲ್ಲ. ನಾನು ಓದಿದ ಶಾಲೆಯಲ್ಲಿ ಒಂದು ಸ್ಪೆಲಿಂಗ್ ತಪ್ಪಿದರೆ ನೂರು ಸಲ ಬರೆಸುತ್ತಿದ್ದರು. ಅಂಥ ಟೀಚರ್ ನಾನಾಗಬಾರದು ಎಂದುಕೊಂಡಿದ್ದೆ. ಅದನ್ನು ಕರುಣೆ ಎಂದು ತಿಳಿದಿದ್ದೆ. ನಿಜಕ್ಕೂ ಕರುಣೆಯೇ? ಅಥವಾ ನಿಮ್ಮ ಪಕ್ಕ ಕಾದು ಕೂರುವಷ್ಟು ತಾಳ್ಮೆ ನನಗೇ ಇಲ್ಲದೆ… ನೀವು ದಣಿದಿರಲಿಲ್ಲ. ದಣಿದವಳು ನಾನು.

ಮರುವಾರ ಸಣ್ಣಮ್ಮನನ್ನು ಕರೆದೆ. ಅವಳು ನಿಂಗಿಯನ್ನೂ ಎಳೆದುಕೊಂಡು ಬಂದಳು. ಗುರುವಾರ ಸಣ್ಣಮ್ಮ ‘ಳ’ ಬರೆಯುವಾಗ ತಪ್ಪಿದಳು. ನನ್ನ ಕೈ ಬಳಪದತ್ತ ಹೋಯಿತು. ಹಿಂದಕ್ಕೆಳೆದು ಸೆರಗಿನೊಳಗೆ ಇಟ್ಟುಕೊಂಡೆ. ಅಳಿಸಿದಳು, ಬರೆದಳು, ಅತ್ತಳು, ಮತ್ತೆ ಬರೆದಳು. “ಆಯ್ತಾ?” ಎಂದು ನನ್ನ ಮುಖ ನೋಡಿದಾಗಲೆಲ್ಲ “ಇನ್ನೂ ಇಲ್ಲ” ಎಂದೆ. ಹಾಗೆನ್ನುವುದು ನನಗೆ ಎಷ್ಟು ಕಷ್ಟವಾಯಿತೆಂದು ನಿಮಗೆ ಹೇಳಬೇಕು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಕೊನೆಗೆ ಸರಿಯಾಗಿ ಬಂದಾಗ ಮೊದಲು ಕೂಗಿದವಳು ನಿಂಗಿ.

ಈಗ ಆರು ಜನ ಬರುತ್ತಾರೆ. ಪಾಠ ನಿಲ್ಲಿಸುವುದಿಲ್ಲ, ಅತ್ತೆ. ನಾನೇ ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ, ಇಷ್ಟು ವರ್ಷದಲ್ಲಿ ಇದೇ ಮೊದಲು. ನಿನ್ನೆ ಮೂರು ಮನೆಯವರು ಹುಡುಗಿಯರನ್ನು ಕಳಿಸುವುದಿಲ್ಲವೆಂದು ಬಾಗಿಲಲ್ಲೇ ಹೇಳಿ ಕಳಿಸಿದರು. ನಾಳೆ ಬೆಳಿಗ್ಗೆ ಅದೇ ಮೂರು ಮನೆಗೆ ಹೋಗುತ್ತೇನೆ.